ತುಟಿ ಸೋಕದ ಬೆಳ್ಳಿ ಬಟ್ಟಲು

ಕಳೆದ ಯುಗಾದಿಯ ದಿನ ಷಿಕಾಗೋ ಹತ್ತಿರದ ಲೆಮಾಂಟ್ ದೇವಸ್ಥಾನದ ಕ್ಯಾಂಟೀನಿನಲ್ಲಿ ಪುಳಿಯೋಗರೆ ತಟ್ಟೆ ಹಿಡಿದು ಕೂತಿದ್ದಾಗ ಒಬ್ಬ ಹುಡುಗಿ ಎದುರು ಬಂದು ಕುಳಿತಳು. ಹೆಸರು ಸ್ಫೂರ್ತಿ. ಹುಬ್ಬಳ್ಳಿ ಕಡೆಯವಳು, ಮನೆ ಡೌನರ್ಸ್ ಗ್ರೋವ್‌ನಲ್ಲಿ, ಓದಿದ್ದು ಹೋಟೆಲ್ ಮ್ಯಾನೇಜ್‌ಮೆಂಟ್.

"ಆಂಟೀ, ನೀವಿದ್ದ ಕಾಲೇಜಿನಾಗ ಹಾಲ್ ಸ್ಟೂವರ್ಡ್ ಕೆಲಸಕ್ಕ ಅಪ್ಲೈ ಮಾಡೇನ್ರಿ. ಖರೇ ಹೇಳ್ರಿ, ಕೆಲಸ ಹೆಂಗಿರ್ತೈತಿ?"

"ಊಟ ಬಡಿಸೋ ಕೆಲಸ ಕಣಮ್ಮ," ಅಂದೆ.

ಅವಳ ಮುಖ ಸಪ್ಪಗಾಯಿತು. ಪಾಪ, ಇನ್ನೇನೋ ದೊಡ್ಡ ಉತ್ತರ ನಿರೀಕ್ಷಿಸಿದ್ದಳು. ಆದರೆ ನಾನು ಹೇಳಿದ್ದು ಸುಳ್ಳಲ್ಲ. ಆ ಕೆಲಸದಲ್ಲೇ ನನ್ನ ಕೂದಲು ಬೆಳ್ಳಗಾಯಿತು, ಮಂಡಿ ಸವೆಯಿತು, ಅದಕ್ಕಾಗಿ ಒಂದು ದಿನವೂ ಬೇಸರಪಟ್ಟಿಲ್ಲ. ಅವಳಂಥವರು ಇನ್ನೂ ಬರಬಹುದು ಎಂದು ಇದನ್ನು ಬರೆಯುತ್ತಿದ್ದೇನೆ. ಯಾವಾಗ ಬಡ್ತಿ ಸಿಕ್ಕಿತು, ಯಾವಾಗ ಸಂಬಳ ಏರಿತು ಎಂಬುದನ್ನೆಲ್ಲ ಬಿಟ್ಟಿದ್ದೇನೆ. ಅದು ನನಗೇ ಸರಿಯಾಗಿ ನೆನಪಿಲ್ಲ.

ಕಾಲೇಜು ಇರುವುದು ಮಿಶಿಗನ್ ಸರೋವರದ ದಂಡೆಯಲ್ಲಿ, ಸ್ಕೋಕಿಯ ನಮ್ಮ ಮನೆಯಿಂದ ಕಾರಿನಲ್ಲಿ ಕಾಲು ಗಂಟೆ. ಮರದ ವ್ಯಾಪಾರದಲ್ಲಿ ಚೆನ್ನಾಗಿ ಗಳಿಸಿದ ಸಾಹುಕಾರನೊಬ್ಬ ಹುಡುಗನಾಗಿದ್ದಾಗ ಇಂಗ್ಲೆಂಡಿನ ಒಂದು ಹಳೆಯ ವಿಶ್ವವಿದ್ಯಾಲಯದ ಕಾಲೇಜಿನಲ್ಲಿ ಒಂದು ವರ್ಷ ಕಳೆದಿದ್ದನಂತೆ. ಪಾಠ ತಲೆಗೆ ಹೋಗಲಿಲ್ಲ, ಕಾಲೇಜು ಮಾತ್ರ ಮನಸ್ಸಿನಿಂದ ಹೋಗಲಿಲ್ಲ. ವಯಸ್ಸಾದ ಮೇಲೆ ಅದೇ ಅಳತೆಯ ಊಟದ ಹಾಲ್, ಅದೇ ಓಕ್ ತೊಲೆಗಳು, ಅದೇ ಬಣ್ಣದ ಗಾಜು, ಯಾರೂ ಕಾಲಿಡಬಾರದ ಹುಲ್ಲಿನ ಚೌಕ, ಎಲ್ಲವನ್ನೂ ಷಿಕಾಗೋ ಚಳಿಗೆ ತಂದು ಕೂರಿಸಿದ. ಇಂಗ್ಲೆಂಡಿನ ಆ ಕಾಲೇಜನ್ನು ನಾವು ತಾಯಿ ಕಾಲೇಜು ಎನ್ನುತ್ತೇವೆ. ಐನೂರು ವರ್ಷಕ್ಕೂ ಹಿಂದೆ ಒಬ್ಬ ಬಿಷಪ್, ಬಡವರ ಮಕ್ಕಳು ಓದಿ ಪಾದ್ರಿಗಳಾಗಲಿ ಎಂದು ಕಟ್ಟಿಸಿದ್ದು. ನಮ್ಮ ಮಠದ ಪಾಠಶಾಲೆ ಎಂದುಕೊಳ್ಳಿ. ವಿದ್ಯೆ, ಊಟ, ವಸತಿ ಒಂದೇ ಸೂರಿನಡಿ.

ನಾನು ಅಲ್ಲಿ ಸೇರಿದಾಗ ನಮ್ಮವರ ಬಾಯಿಗೆ ಬೀಗವಿರಲಿಲ್ಲ. "ಮೈಸೂರಿನ ಮೇಷ್ಟ್ರ ಮಗಳು, ಗಂಡ ಇಂಜಿನಿಯರ್, ಇವಳಿಗೇನು ಬಂತ್ರೀ ತಟ್ಟೆ ಎತ್ತೋ ಗ್ರಹಚಾರ?" ಎಂದು ಸಂಕ್ರಾಂತಿಯ ಕೂಟದಲ್ಲಿ ಒಬ್ಬರು ನನ್ನ ಬೆನ್ನ ಹಿಂದೆಯೇ ಅಂದರು. ನಾನು ತಿರುಗಿ, "ತಟ್ಟೆ ಎತ್ತೋದಲ್ಲ, ಯಾವ ತಟ್ಟೆ ಯಾವಾಗ ಎತ್ತಬೇಕು ಅಂತ ಹೇಳೋ ಕೆಲಸ," ಅಂದೆ. ಅದು ಸ್ವಲ್ಪ ಜಂಬದ ಮಾತು. ಮೊದಲ ಎರಡು ವರ್ಷ ಎತ್ತಿದ್ದು ತಟ್ಟೆಯೇ.

ನನಗೆ ಕೆಲಸ ಕಲಿಸಿದವರು ಮಿಸ್ಟರ್ ಹೋಲ್ಡನ್. ತಾಯಿ ಕಾಲೇಜಿನ ಅಡುಗೆಮನೆಯಲ್ಲೇ ಬೆಳೆದವರು. ಅಮೆರಿಕದ ಹೆಣ್ಣನ್ನು ಮದುವೆಯಾಗಿ ಇಲ್ಲಿಗೆ ಬಂದು ನಮ್ಮ ಊಟದ ಹಾಲ್‌ಗೆ ಸ್ಟೂವರ್ಡ್ ಆದರು. ಉದ್ದನೆಯ ಮನುಷ್ಯ, ಕಪ್ಪು ಕೋಟು. ಯಾರನ್ನೂ ಗದರಿದವರಲ್ಲ. ಹುಬ್ಬು ಎತ್ತುತ್ತಿದ್ದರು, ಅಷ್ಟೇ. ಆ ಹುಬ್ಬು ನೋಡಿ ಚಮಚ ಕೆಳಗೆ ಬೀಳಿಸಿದವರಿದ್ದಾರೆ.

ಅವರು ಮೊದಲ ದಿನ ಹಾಲ್‌ನ ನಿಯಮಗಳನ್ನು ಒಂದೊಂದಾಗಿ ಹೇಳಿದರು. ಗಾಂಗ್, ಅಂದರೆ ನಮ್ಮ ಜಾಗಟೆಯಂಥದ್ದು, ಮೂರು ಸಲ ಹೊಡೆಯಬೇಕು, ಎರಡರ ನಂತರ ಒಂದು ಉಸಿರಿನಷ್ಟು ಬಿಟ್ಟು ಮೂರನೆಯದು. ಎಲ್ಲರೂ ನಿಲ್ಲಬೇಕು. ಲ್ಯಾಟಿನ್ ಪ್ರಾರ್ಥನೆ ಮುಗಿಯುವವರೆಗೆ ಯಾರೂ ರೊಟ್ಟಿ ಮುಟ್ಟಬಾರದು. ವೇದಿಕೆಯ ಮೇಲಿನ ಮೇಜಿಗೆ ಮೊದಲು ಬಡಿಸಬೇಕು. ಅಲ್ಲಿನ ಹಿರಿಯರು ಏಳುವವರೆಗೆ ಕೆಳಗಿನವರು ಏಳಬಾರದು.

"ವಿಚಿತ್ರ ಅನ್ನಿಸುತ್ತಿರಬೇಕು, ಮಿಸೆಸ್ ರಾವ್," ಎಂದರು.

"ಏನೂ ಇಲ್ಲ. ನಮ್ಮ ಮನೆಯ ಪಂಕ್ತಿಯೂ ಹೀಗೆಯೇ. ಅಲ್ಲಿ ಗಾಂಗ್ ಇಲ್ಲ, ನಮ್ಮ ಚಿಕ್ಕಪ್ಪನ ಗಂಟಲಿದೆ," ಎಂದೆ.

ಹುಬ್ಬು ಎದ್ದಿತು. ಆದರೆ ಅದರ ಕೆಳಗೆ ನಗು ಇತ್ತು.

ಪಂಕ್ತಿ ಗೊತ್ತು ಎಂಬ ಧೈರ್ಯವೇ ಮೊದಲ ಎಡವಟ್ಟಿಗೆ ಕಾರಣವಾಯಿತು. ಹೊಸದರಲ್ಲಿ ಅಗಸ ಎತ್ತೆತ್ತಿ ಒಗೆದ ಎನ್ನುತ್ತಾರಲ್ಲ, ಹಾಗೆ. ವೇದಿಕೆಯ ಮೇಜಿನಲ್ಲಿ ಒಬ್ಬ ಗಣಿತದ ಪ್ರೊಫೆಸರ್ ಇದ್ದರು. ಸಣಕಲು ಜೀವ, ಹೆಂಡತಿ ತೀರಿಕೊಂಡಿದ್ದರು. ಬೇಯಿಸಿದ ಆಲೂಗೆಡ್ಡೆ ಬಡಿಸಿದೆ, ಸಾಕು ಎಂದರು. ಸಾಕು ಎಂದರೆ ನಿಲ್ಲಿಸುವವರು ನಮ್ಮಲ್ಲಿ ಯಾರಿದ್ದಾರೆ? ಇನ್ನೊಂದು ಹಾಕಿದೆ. ಬೇಡ ಎಂದರು. ಇನ್ನೂ ಎರಡು ಹಾಕಿ, "ನೀವು ಏನೂ ತಿಂದೇ ಇಲ್ಲ," ಎಂದೆ. ಆ ಮನುಷ್ಯ ಸಂಕೋಚಕ್ಕೆ ಎಲ್ಲವನ್ನೂ ತಿಂದರು. ಅವರು ಮುಗಿಸುವವರೆಗೆ ಹಿರಿಯರು ಏಳಲಿಲ್ಲ, ಹಿರಿಯರು ಏಳದೆ ಹಾಲ್ ಏಳಲಿಲ್ಲ, ಹುಡುಗರೆಲ್ಲ ಗಡಿಯಾರ ನೋಡುತ್ತ ಕೂತರು.

ಮಿಸ್ಟರ್ ಹೋಲ್ಡನ್ ನನ್ನನ್ನು ಪಕ್ಕಕ್ಕೆ ಕರೆದು, "ಮಿಸೆಸ್ ರಾವ್, ಈ ಹಾಲ್‌ನಲ್ಲಿ ನಾವು ಬಡಿಸುತ್ತೇವೆ, ಮುತ್ತಿಗೆ ಹಾಕುವುದಿಲ್ಲ," ಎಂದರು.

ನನಗೆ ಅಳುವೇ ಬಂತು. ಆದರೆ ಮುಂದಿನ ವಾರ ಆ ಪ್ರೊಫೆಸರ್ ಬಂದು, "ಆ ಭಾರತೀಯ ಹೆಂಗಸು ಯಾವ ಕಡೆ ಬಡಿಸುತ್ತಾರೆ?" ಎಂದು ವಿಚಾರಿಸಿ ಆ ಕಡೆಯ ಕುರ್ಚಿಯಲ್ಲೇ ಕೂತರು. ನಿವೃತ್ತರಾಗುವವರೆಗೂ ಅಲ್ಲೇ ಕೂತರು. ಈ ಕೆಲಸಕ್ಕೆ ಬರುವವರು ತಿಳಿದಿರಲಿ, ಬಲವಂತ ಎಲ್ಲರಿಗೂ ಬೇಡ, ಬೇಕಾದವರು ಒಬ್ಬರು ಇದ್ದೇ ಇರುತ್ತಾರೆ. ಅವರನ್ನು ಗುರುತಿಸುವುದೇ ಅರ್ಧ ಕೆಲಸ.

ಕ್ರಿಸ್‌ಮಸ್ ಔತಣದಲ್ಲಿ ಹಂದಿಯ ತಲೆಯನ್ನು ಹರಿವಾಣದಲ್ಲಿಟ್ಟು, ಬಾಯಿಗೆ ಸೇಬು ಸಿಕ್ಕಿಸಿ, ಹಾಡುತ್ತ ಮೆರವಣಿಗೆಯಲ್ಲಿ ತರುವುದು ತಾಯಿ ಕಾಲೇಜಿನ ಪದ್ಧತಿ. ಪುಣ್ಯಕ್ಕೆ ಅದನ್ನು ಹೊರುವುದು ಬಾಣಸಿಗರ ಹಕ್ಕು. ನಾನು ಮುಂದೆ ಮೇಣದಬತ್ತಿ ಹಿಡಿದು, ಒಂದು ಸಲವೂ ಹಿಂತಿರುಗಿ ನೋಡದೆ ನಡೆಯುತ್ತಿದ್ದೆ. ಎಷ್ಟು ಗಂಭೀರವಾಗಿ ನಡೆಯುತ್ತಾರೆ ಎಂದು ಜನ ಹೊಗಳುತ್ತಿದ್ದರು. ಬರುಬರುತ್ತ ಮಾಂಸ ತಿನ್ನದ ಹುಡುಗರು ಹೆಚ್ಚಾದರು, ತಲೆ ಬೇಡ ಎಂದು ಗಲಾಟೆ ಮಾಡಿದರು, ಬೇಕು ಎಂದು ಇನ್ನು ಕೆಲವರು. ನಾನು ನಮ್ಮ ದೇಶದವರ ಅಂಗಡಿಗಳಿರುವ ಡಿವಾನ್ ರಸ್ತೆಗೆ ಹೋಗಿ ಒಂದು ಇಡೀ ಹಲಸಿನಹಣ್ಣು ತಂದೆ. ಆ ಮುಳ್ಳು ಮೈ, ಆ ಗಾತ್ರ! ಎರಡು ಎಲೆಯ ಕಿವಿ ಸಿಕ್ಕಿಸಿ, ಮುಂದೆ ಸೀಳಿ ಸೇಬು ಇಟ್ಟರೆ ಸಾಕ್ಷಾತ್ ಕಾಡುಹಂದಿಯೇ. ಆ ವರ್ಷ ಅದನ್ನು ನಾನೇ ಹೊತ್ತೆ. ಆದರೆ ವಾಸನೆ ಹಾಲ್‌ನಲ್ಲಿ ಹೊಸ ವರ್ಷದವರೆಗೂ ಇತ್ತು, ಗ್ರಂಥಾಲಯದವರು ಗ್ಯಾಸ್ ಸೋರುತ್ತಿದೆ ಎಂದು ದೂರು ಕೊಟ್ಟರು. ಮರುವರ್ಷದಿಂದ ಕಾಯಿ ತಂದೆ, ಹಣ್ಣಲ್ಲ.

ಇನ್ನು ಬಟ್ಟಲಿನ ವಿಷಯ. ಈ ಬರಹಕ್ಕೆ ಮೂಲ ಅದೇ.

ತಾಯಿ ಕಾಲೇಜಿನಲ್ಲಿ ಒಂದು ಕಾಲಕ್ಕೆ ಹುಡುಗರು ಊರಿನ ಹೆಸರು ಹಿಡಿದು ಬಡಿದಾಡುತ್ತಿದ್ದರಂತೆ. ಉಣ್ಣೆ ವ್ಯಾಪಾರಿಯೊಬ್ಬನ ವಿಧವೆ ಎರಡು ಹಿಡಿಯ ದೊಡ್ಡ ಬೆಳ್ಳಿ ಬಟ್ಟಲೊಂದನ್ನು ಕೊಟ್ಟು, ವರ್ಷಕ್ಕೊಮ್ಮೆಯಾದರೂ ಇದರಲ್ಲಿ ಎಲ್ಲರೂ ಕುಡಿಯಿರಿ, ಒಂದೇ ಬಟ್ಟಲಲ್ಲಿ ಕುಡಿದವರು ಹೊಡೆದಾಡಲಾರರು ಎಂದಳಂತೆ. ಅದರ ನಕಲು ನಮ್ಮಲ್ಲಿದೆ. ಅಕ್ಟೋಬರಿನ ಸ್ಥಾಪಕರ ಔತಣದಲ್ಲಿ ಲವಂಗ, ಚಕ್ಕೆ ಹಾಕಿ ಕಾಯಿಸಿದ ಸೇಬಿನ ರಸ ತುಂಬಿ ಅದನ್ನು ಕೈಯಿಂದ ಕೈಗೆ ಕೊಡುತ್ತಾರೆ. ಒಬ್ಬರು ಕುಡಿಯುವಾಗ ಪಕ್ಕದವರು ಅವರ ಬೆನ್ನಿಗೆ ಬೆನ್ನು ಕೊಟ್ಟು ಕಾವಲು ನಿಲ್ಲಬೇಕು. ಕುಡಿಯುತ್ತಿದ್ದ ಯಾವನೋ ರಾಜನಿಗೆ ಹಿಂದಿನಿಂದ ಇರಿದರಂತೆ, ಅದಕ್ಕೆ. ಇಡೀ ಹಾಲ್ ಸುತ್ತಿ ಬಂದ ಮೇಲೆ ಕೊನೆಯ ಗುಟುಕು ಸ್ಟೂವರ್ಡ್ ಆದವರದು.

ಮಿಸ್ಟರ್ ಹೋಲ್ಡನ್ ತಮ್ಮ ಕೆಲಸ ನನಗೆ ವಹಿಸಿದ ವರ್ಷ ಆ ಗುಟುಕು ನನ್ನ ಪಾಲಿಗೆ ಬಂತು. ಇಡೀ ಹಾಲ್‌ನವರ ಎಂಜಲು! ಬೇಡ ಎಂದರೆ ಅವಮಾನ. ಕುಡಿದರೆ ನಮ್ಮಜ್ಜಿ ಕನಸಿಗೆ ಬಂದು ಬೈಯುತ್ತಾಳೆ. ಬಟ್ಟಲು ಕೈಗೆ ಬಂದಾಗ ಯೋಚನೆಯೇ ಮಾಡಲಿಲ್ಲ, ಹುಟ್ಟಿದಾಗಿನಿಂದ ನೀರು ಕುಡಿದಂತೆ ಎತ್ತಿ ಹಿಡಿದೆ. ತುಟಿಗೆ ಒಂದು ಗೇಣು ಮೇಲಿನಿಂದ ಧಾರೆಯಾಗಿ ಬಾಯಿಗೆ ಬಿಟ್ಟುಕೊಂಡೆ. ಹುಡುಗರು ಮೇಜು ಬಡಿದು ಕೂಗಿದರು. ಅಂದಿನಿಂದ ಪ್ರತಿವರ್ಷ ಅದನ್ನು ನೋಡಲೆಂದೇ ಕೊನೆಯವರೆಗೆ ಕೂರುತ್ತಿದ್ದರು.

ಮಿಸ್ಟರ್ ಹೋಲ್ಡನ್ ನಿವೃತ್ತರಾಗಿ ಡೌನರ್ಸ್ ಗ್ರೋವ್‌ನ ಮಗಳ ಮನೆಗೆ ಹೊರಡುವಾಗ ನನ್ನ ಕೈಹಿಡಿದು, "ಉಳಿದದ್ದೆಲ್ಲ ಹೋದರೂ ಹೋಗಲಿ, ಬಟ್ಟಲು ಸುತ್ತುತ್ತಿರಲಿ. ಅದು ನಿಂತರೆ ಹಾಲ್ ಬರೀ ಕ್ಯಾಂಟೀನ್," ಎಂದರು. ನಾನು ಹೂಂ ಎಂದೆ. ಹೂಂ ಎನ್ನುವುದು ಸುಲಭ.

ಉಳಿದದ್ದು ಒಂದೊಂದಾಗಿ ಹೋಗುತ್ತಲೇ ಇತ್ತು. ಹುಡುಗರು ಊಟಕ್ಕೆ ತೊಡುತ್ತಿದ್ದ ಕಪ್ಪು ಗೌನ್ ಹೋಯಿತು. ಬೆಳಗಿನ ಗಾಂಗ್ ಹೋಯಿತು. ಕೈಯಲ್ಲಿ ಬಡಿಸುವುದು ವಾರಕ್ಕೊಮ್ಮೆ ಆಯಿತು, ಮಿಕ್ಕ ದಿನ ಕಾರ್ಡ್ ಉಜ್ಜಿ ಡಬ್ಬಿ ತೆಗೆದುಕೊಂಡು ಹೋಗುವುದು. ಎಲ್ಲ ಬದಲಾವಣೆಯೂ ಕೆಟ್ಟದ್ದಲ್ಲ. ಯಾರಿಗೆ ಶೇಂಗಾ ಆಗದು, ಯಾರಿಗೆ ಗೋಧಿ ಆಗದು ಎಂದು ಕಂಪ್ಯೂಟರೇ ಹೇಳುತ್ತದೆ. ಮೊದಲು ನಾನು ಮುಖ ನೋಡಿ ನೆನಪಿಡಬೇಕಿತ್ತು. ಆದರೆ ಫೋನ್ ನೋಡುತ್ತ ಒಬ್ಬೊಬ್ಬರೇ ಮೂಲೆಯಲ್ಲಿ ತಿನ್ನುವ ಮಕ್ಕಳನ್ನು ಕಂಡರೆ ಪಕ್ಕದಲ್ಲಿ ಹೋಗಿ ಕೂರೋಣ ಎನ್ನಿಸುತ್ತಿತ್ತು.

ಆಮೇಲೆ ಕೋವಿಡ್ ಬಂತು. ಹಾಲ್‌ಗೆ ಬೀಗ. ಬಟ್ಟಲು ಸುತ್ತಲಿಲ್ಲ. ಬೀಗ ತೆಗೆದ ಮೇಲೆ ಹೊಸದಾಗಿ ಬಂದಿದ್ದ ಡೀನ್ ಮಾರ್ಷ್ ನನ್ನನ್ನು ಕರೆಸಿದರು. ಒಳ್ಳೆಯ ಹೆಂಗಸು, ಸುಮ್ಮನೆ ಬಯ್ಯಲಾರೆ.

"ಮಿಸೆಸ್ ರಾವ್, ಇಷ್ಟು ಜನ ಒಂದೇ ಬಟ್ಟಲಿಗೆ ತುಟಿ ಇಡುವುದಕ್ಕೆ ನಮ್ಮ ನರ್ಸ್ ಒಪ್ಪುವುದೇ ಇಲ್ಲ. ಗಾಜಿನ ಪೆಟ್ಟಿಗೆಯಲ್ಲಿ ಇಡೋಣ, ಚೆನ್ನಾಗಿ ಕಾಣುತ್ತದೆ. ಔತಣಕ್ಕೆ ಬೇಕಾದರೆ ಎಲ್ಲರಿಗೂ ಪೇಪರ್ ಕಪ್."

"ಪೇಪರ್ ಕಪ್ಪಿಗೆ ಔತಣ ಯಾಕೆ? ಅದು ರೈಲ್ವೆ ಸ್ಟೇಷನ್ನಿನಲ್ಲೂ ಸಿಗುತ್ತದೆ," ಎಂದೆ.

ಅವರು ನಿಟ್ಟುಸಿರು ಬಿಟ್ಟರು. "ನಿಜ ಹೇಳಬೇಕೆಂದರೆ ಔತಣವೇ ಬೇಕೇ ಎಂಬ ಮಾತು ನಡೆದಿದೆ. ವಾರದ ಊಟವೂ ಸಹ. ಆ ಜಾಗದಲ್ಲಿ ಊಟದ ಡಬ್ಬಿ ಕೊಡುವ ಕೌಂಟರ್‌ಗಳು ಬಂದರೆ ಅನುಕೂಲ."

ಅಂದು ಮನೆಗೆ ಹೇಗೆ ಡ್ರೈವ್ ಮಾಡಿದೆನೋ ತಿಳಿಯದು. ನಮ್ಮನೆಯವರ ಮುಂದೆ ಅಡುಗೆಮನೆಯಲ್ಲಿ ನಿಂತು ಒಂದೇ ಸಮನೆ ಗೋಳು ತೋಡಿಕೊಂಡೆ. "ಹೋಲ್ಡನ್‌ಗೆ ಮಾತು ಕೊಟ್ಟಿದೀನಿ ಕಣ್ರೀ. ಬಟ್ಟಲು ಹೋಯ್ತು ಅಂದ್ರೆ ಹಾಲ್ ಕೂಡ ಹೋಯ್ತು. ಇಷ್ಟು ವರ್ಷ ಮಾಡಿದ್ದೆಲ್ಲಾ ನೀರಲ್ಲಿ ಹೋಮ ಮಾಡಿದ ಹಾಗೆ."

ಅವರು ಗಾಲ್ಫ್ ಆಡಿ ಬಂದಿದ್ದರು. ಚೊಂಬು ಎತ್ತಿ ಗಟಗಟ ನೀರು ಕುಡಿದು, ಬಾಯಿ ಒರೆಸಿಕೊಂಡು ಕೇಳಿದರು. "ಅಲ್ವೇ, ಅವರಿಗೆ ತುಟಿದು ತಾನೇ ತೊಂದ್ರೆ?"

"ಹೂಂ."

"ವರ್ಷಾ ವರ್ಷಾ ನೀನು ಹೆಂಗೆ ಕುಡೀತೀಯ ಅದನ್ನ?"

"ಎತ್ತಿ."

"ಮತ್ತೆ?" ಎಂದು ಚೊಂಬನ್ನು ನನ್ನ ಮುಂದೆ ಇಟ್ಟು ಸ್ನಾನಕ್ಕೆ ಹೋದರು.

ಹಿತ್ತಲ ಗಿಡ ಮದ್ದಲ್ಲ ಎಂಬುದು ಸುಳ್ಳಲ್ಲ. ಇಷ್ಟು ವರ್ಷ ಕೈಯಲ್ಲೇ ಇದ್ದದ್ದು ನನಗೆ ಕಂಡಿರಲಿಲ್ಲ.

ಮರುದಿನ ಚೊಂಬು ಹಿಡಿದು ಡೀನ್ ಕಚೇರಿಗೆ ಹೋದೆ. ಕುಡಿದು ತೋರಿಸಿದೆ. ಅವರು ನರ್ಸನ್ನು ಕರೆಸಿದರು. ಆಕೆ ಪರೀಕ್ಷಕರ ಹಾಗೆ ಪಕ್ಕದಿಂದ ಬಗ್ಗಿ ನೋಡಿ, "ತಾಗಲೇ ಇಲ್ಲ!" ಎಂದಳು. ಡೀನ್ ತಾವೂ ಪ್ರಯತ್ನಿಸಿದರು. ಮೊದಲ ಧಾರೆ ಮೂಗಿಗೆ, ಎರಡನೆಯದು ಬಿಳಿ ಅಂಗಿಗೆ. ಕೆಮ್ಮಿ, ನಕ್ಕು, ಕಣ್ಣೊರೆಸಿಕೊಂಡು, "ಈ ವರ್ಷ ಮಾಡಿ ನೋಡಿ. ಒಬ್ಬರು ತುಟಿ ತಾಗಿಸಿದರೂ ಬಟ್ಟಲು ಪೆಟ್ಟಿಗೆಗೆ, ಹಾಲ್ ಕೌಂಟರ್‌ಗೆ. ಒಪ್ಪಿಗೆಯೇ?" ಎಂದರು. ಒಪ್ಪಿದೆ.

ಒಪ್ಪಿದ ಮೇಲೆ ಕಷ್ಟ ತಿಳಿಯಿತು. ಚೊಂಬಿಗೆ ಕಂಠವಿದೆ, ಧಾರೆ ಸಣ್ಣದಾಗಿ ಬರುತ್ತದೆ. ಬೆಳ್ಳಿ ಬಟ್ಟಲಿನ ಬಾಯಿ ಅಗಲ, ಬಗ್ಗಿಸಿದರೆ ಜಲಪಾತ. ಕಾಲು ಭಾಗ ಮಾತ್ರ ತುಂಬಿಸಿ, ಒಂದು ಹಿಡಿಯನ್ನು ತುಸು ತಗ್ಗಿಸಿ, ಅಂಚಿನ ಒಂದೇ ಕಡೆಯಿಂದ ಬಿಡಬೇಕು ಎಂದು ಅಡುಗೆಮನೆಯ ಸಿಂಕಿನ ಮುಂದೆ ನಿಂತು ಕಂಡುಕೊಂಡೆ. ಆಮೇಲೆ ಸೆಪ್ಟೆಂಬರ್ ಪೂರ್ತಿ ಮಧ್ಯಾಹ್ನ ಹುಲ್ಲಿನ ಚೌಕದ ಸುತ್ತ ಹುಡುಗ ಹುಡುಗಿಯರನ್ನು ನಿಲ್ಲಿಸಿ, ಕೈಗೆ ನೀರಿನ ಬೋಗುಣಿ ಕೊಟ್ಟು ಪಾಠ ಮಾಡಿದೆ. "ತಲೆ ಹಿಂದಕ್ಕೆ. ಕಣ್ಣು ತೊಲೆಗೆ. ಗಂಟಲು ಹಬ್ಬದ ದಿನದ ಅಂಗಡಿ ಬಾಗಿಲ ಹಾಗೆ ತೆಗೆದಿರಲಿ. ಆತುರ ಬೇಡ!" ಎಲ್ಲ ತೊಯ್ದು ತೊಪ್ಪೆ. ಮೂಲೆಯಲ್ಲಿ ಡಬ್ಬಿ ಹಿಡಿದು ತಿನ್ನುತ್ತಿದ್ದ ಮಕ್ಕಳು ಎದ್ದು ಬಂದು, "ನಮಗೂ ಕೊಡಿ," ಎಂದರು. ಅಷ್ಟು ನಗು ಆ ಅಂಗಳದಲ್ಲಿ ನಾನು ಕೇಳಿರಲಿಲ್ಲ.

ಔತಣದ ದಿನ ಮಿಸ್ಟರ್ ಹೋಲ್ಡನ್‌ರನ್ನು ಮಗಳು ಗಾಲಿಕುರ್ಚಿಯಲ್ಲಿ ಕರೆತಂದಳು. ಬಟ್ಟಲು ಹೊರಟಿತು. ನರ್ಸ್ ಮೇಜಿನಿಂದ ಮೇಜಿಗೆ ಹಿಂಬಾಲಿಸಿದಳು. ಅಂಗಿಗಳು ಒದ್ದೆಯಾದವು, ಒಬ್ಬ ಹುಡುಗನ ಕಿವಿಯೊಳಗೂ ಹೋಯಿತು, ಆದರೆ ಒಂದೇ ಒಂದು ತುಟಿ ತಾಗಲಿಲ್ಲ. ಕೊನೆಗೆ ಹೋಲ್ಡನ್ ಬಳಿಗೆ ಬಂತು. ನಡುಗುವ ಕೈಗೆ ನಾನು ಕೈ ಕೊಟ್ಟೆ. ಎತ್ತಿದರು, ಕುಡಿದರು, ಟೈ ಪೂರ್ತಿ ನೆನೆಯಿತು.

"ನಿಮ್ಮ ಪದ್ಧತಿ ಕೆಡಿಸಿದೆನೇನೋ," ಎಂದು ಅವರ ಕಿವಿಯ ಹತ್ತಿರ ಹೇಳಿದೆ.

ಅವರು ನನ್ನನ್ನು ಇನ್ನೂ ಬಗ್ಗಿಸಿಕೊಂಡರು. "ಗಾಂಗ್ ಹೊಡೆಯುವುದು ಕಲಿಸಿದೆನಲ್ಲ. ಎರಡರ ನಂತರ ಒಂದು ಉಸಿರು ಬಿಟ್ಟು."

"ಹೌದು. ತಪ್ಪಿದ್ದಕ್ಕೆ ಹುಬ್ಬು ಎತ್ತಿದ್ದಿರಿ."

"ತಾಯಿ ಕಾಲೇಜಿನಲ್ಲಿ ಗಾಂಗೇ ಇರಲಿಲ್ಲ, ಮಿಸೆಸ್ ರಾವ್. ನಾನು ಬಂದ ಮೊದಲ ಚಳಿಗಾಲ ಇಲ್ಲಿನ ಗಂಟೆ ಹಿಮಕ್ಕೆ ಸಿಕ್ಕಿ ಒಡೆದಿತ್ತು. ಹಳೆ ಸಾಮಾನಿನ ಅಂಗಡಿಯಿಂದ ಗಾಂಗ್ ತಂದೆ. ನನ್ನ ಭುಜ ನೋಯುತ್ತಿತ್ತು, ಅದಕ್ಕೆ ನಡುವೆ ಉಸಿರು. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ." ಹುಬ್ಬು ಎದ್ದಿತು. "ನೀವೂ ಹೇಳಬೇಡಿ."

ಆ ಔತಣ ಮುಗಿದು ಬಂದ ಚಳಿಗಾಲದಲ್ಲೇ ಅವರು ತೀರಿಕೊಂಡರು. ಇಲ್ಲಿ ಹೇಳಿಬಿಟ್ಟೆನಲ್ಲ ಎನ್ನಬೇಡಿ. ಕನ್ನಡದಲ್ಲಿ ಬರೆದರೆ ಮಾತು ಮೀರಿದಂತಲ್ಲ ಎಂದು ನಾನೇ ತೀರ್ಮಾನಿಸಿಕೊಂಡಿದ್ದೇನೆ.

ಹಾಲ್ ಉಳಿಯಿತು. ವಾರದ ಊಟವೂ ಉಳಿಯಿತು, ಈಗ ಎರಡು ಸಲ ನಡೆಯುತ್ತದಂತೆ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತೇವೆ. ಎರಡನ್ನೂ ಒಂದೇ ಮೇಜಿನಲ್ಲಿ ಕಲಿಯಬಹುದು ಎಂಬುದಕ್ಕಿಂತ ದೊಡ್ಡ ಮಾತು ಈ ಕೆಲಸದ ಬಗ್ಗೆ ನನಗೆ ಗೊತ್ತಿಲ್ಲ.

ನಾನು ನಿವೃತ್ತಳಾಗಿ ಕೆಲವು ವರ್ಷವಾದ ಮೇಲೆ, ಕಳೆದ ಅಕ್ಟೋಬರಿನಲ್ಲಿ, ಸ್ಥಾಪಕರ ಔತಣಕ್ಕೆ ಕರೆ ಬಂತು. ಮೊದಲ ಸಲ ನಾನು ಬಡಿಸಲಿಲ್ಲ, ಕೂತೆ. ಮಾವಿನಕಾಯಿ ಬಣ್ಣದ ಮೈಸೂರು ರೇಷ್ಮೆ ಉಟ್ಟಿದ್ದೆ. ಪಕ್ಕದ ಕುರ್ಚಿಯಲ್ಲಿ ಮೊದಲ ವರ್ಷದ ಹುಡುಗಿ, ಇಶಾ. ನೇಪರ್‌ವಿಲ್‌ನವಳು, ಅಜ್ಜಿ ಮೈಸೂರಿನಲ್ಲಿದ್ದಾರೆ ಎಂದಳು. ನಾನು ಕನ್ನಡದಲ್ಲಿ ಕೇಳಿದರೆ ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಳು. ನಾನು ಯಾರೆಂದು ಅವಳಿಗೆ ಗೊತ್ತಿರಲಿಲ್ಲ, ಯಾರದೋ ಅಜ್ಜಿ ಅಂದುಕೊಂಡಿದ್ದಳು.

ಬಟ್ಟಲು ಬಂತು. ಇಶಾ ಎದ್ದು ನನಗೆ ಬೆನ್ನು ಕೊಟ್ಟು ಕಾವಲು ನಿಂತಳು. ಎರಡು ಹಿಡಿ ಹಿಡಿದು ಎತ್ತಿದೆ. ಬಟ್ಟಲು ಯಾವಾಗ ಇಷ್ಟು ಭಾರವಾಯಿತೋ! ತಲೆ ಹಿಂದಕ್ಕೆ ಬಾಗಿಸಿದಾಗ ಆ ತೊಲೆಗಳು ಕಂಡವು, ಹೋಲ್ಡನ್ ನೆನಪಾದರು, ಗಂಟಲು ಕಟ್ಟಿತು. ಅಷ್ಟೇ. ರಸವೆಲ್ಲ ಗಲ್ಲದಿಂದ ಇಳಿದು ರೇಷ್ಮೆ ಸೀರೆಯ ಪಾಲಾಯಿತು.

ಇಶಾ ತಿರುಗಿ ನೋಡಿ, ತನ್ನ ನ್ಯಾಪ್‌ಕಿನ್ನಿನಿಂದ ನನ್ನ ಸೆರಗು ಒತ್ತಿದಳು. "ಪರವಾಗಿಲ್ಲ ಆಂಟಿ. ಮೊದಲ ಸಲ ಎಲ್ಲರಿಗೂ ಹೀಗೇ ಆಗುತ್ತೆ."

ನಾನು ಗಲ್ಲ ಒರೆಸಿಕೊಂಡೆ.

"ಇದು ಇಂಗ್ಲೆಂಡಿನ ತುಂಬಾ ಹಳೇ ಪದ್ಧತಿ," ಎಂದು ವಿವರಿಸಿದಳು. "ಐನೂರು ವರ್ಷದ್ದು. ಪ್ಲೇಗ್ ಕಾಲದಲ್ಲಿ ಶುರುವಾಗಿದ್ದಂತೆ, ತುಟಿ ತಾಗಬಾರದು ಅಂತ. ತಮಾಷೆ ಏನು ಗೊತ್ತಾ, ನಮ್ಮಜ್ಜಿನೂ ನೀರು ಹೀಗೇ ಕುಡಿಯುತ್ತಾರೆ. ಬ್ರಿಟಿಷರ ಕಾಲದಲ್ಲಿ ಅವರಿಂದ ಕಲಿತಿರಬೇಕು."

ನಗು ಬುಗ್ಗೆಯಾಗಿ ಉಕ್ಕಿ ಬಂತು, ಅದರ ಜೊತೆಗೇ ಕಣ್ಣೀರೂ ಬಂತು. ಎರಡನ್ನೂ ಸೆರಗಿನಲ್ಲೇ ಒರೆಸಿಕೊಂಡೆ. ಹೇಗೂ ಅದು ಒದ್ದೆಯಾಗಿತ್ತು.

"ನಂಗೆ ಬರಲ್ಲ ಮಗು," ಅಂದೆ. "ಹೇಗೆ ಅಂತ ತೋರಿಸು."

ಬಟ್ಟಲಿನ ಒಂದು ಹಿಡಿಗೆ ಅವಳು ಕೈ ಕೊಟ್ಟಳು. ಬಹಳ ಗಂಭೀರವಾಗಿ, ಇಂಗ್ಲಿಷಿನಲ್ಲಿ, ಸಣ್ಣ ಮಕ್ಕಳಿಗೆ ಹೇಳುವ ಹಾಗೆ ಬಿಡಿಸಿ ಬಿಡಿಸಿ ಹೇಳಿದಳು. "ತಲೆ ಹಿಂದಕ್ಕೆ. ಕಣ್ಣು ತೊಲೆಗೆ. ಗಂಟಲು ಹಬ್ಬದ ದಿನದ ಅಂಗಡಿ ಬಾಗಿಲ ಹಾಗೆ ತೆಗೆದಿರಲಿ. ಆತುರ ಬೇಡ."